ಆ್ಯಪಿನ ಪ್ರಶ್ನೆ

ಹಾಸಿಗೆ ಹೊಲಿಯುವ ಹೆಂಗಸಿನ ಹೆಸರಿನ ಮುಂದೆ ಆ್ಯಪು ಮೂರು ವಾರದಿಂದ ಹಸಿರು ಬಣ್ಣವನ್ನೇ ತೋರಿಸುತ್ತಿತ್ತು. ಅಸ್ತಮಾ ಇರುವವರು ದಿನಾ ಬೆಳಿಗ್ಗೆ ಫೋನಿನಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಒತ್ತಬೇಕು. ಉಸಿರು ಕೆಟ್ಟಿದ್ದರೆ ಹೆಸರು ಕೆಂಪಾಗುತ್ತದೆ, ನರ್ಸು ಓಡಬೇಕು. ಎಲ್ಲೋ ದೂರದವರು ಬರೆದ ಆ ಪ್ರಶ್ನೆಗಳನ್ನು ಈ ಕೇರಿಯವರ ಭಾಷೆಗೆ ತಂದವಳು ನರ್ಸೇ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ.

ಆ ಮಧ್ಯಾಹ್ನ ಅವಳು ಹೊರಟಿದ್ದು ಬೇರೆ ಯಾರನ್ನೋ ನೋಡಲು. ದಾರಿಯಲ್ಲಿ ಹಾಸಿಗೆ ಅಂಗಡಿ ಸಿಕ್ಕಿತೆಂದು ಸುಮ್ಮನೆ ಇಣುಕಿದಳು. ಒಳಗೆಲ್ಲ ಹತ್ತಿಯ ಧೂಳು. ಹೊಲಿಯುವ ಹೆಂಗಸು ಎರಡೂ ಕೈ ಮಂಡಿಗೂರಿ ಮುಂದಕ್ಕೆ ಬಾಗಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು.

“ಏನಾಯ್ತಕ್ಕ?”

“ಏನೂ... ಇಲ್ಲ... ಸಿಸ್ಟರ್...”

ನರ್ಸು ಅವಳ ಪಕ್ಕ ಕುಕ್ಕರಿಸಿದಳು. “ಉಬ್ಬಸದ ಪಂಪ್ ಎಲ್ಲಿ?”

ಜೊತೆಗೆ ಕೆಲಸ ಮಾಡುತ್ತಿದ್ದ ನಾದಿನಿ ಓಡಿಬಂದು ಚೀಲ ಸುರಿದಳು. ಪಂಪೇನೋ ಸಿಕ್ಕಿತು, ಒತ್ತಿದರೆ ಬರಿದು. ನರ್ಸು ತನ್ನ ಬಳಿಯಿದ್ದ ಹೊಸದನ್ನು ಔಷಧಿ ಎಳೆದುಕೊಳ್ಳುವ ಕೊಳವೆಗೆ ಸಿಕ್ಕಿಸಿ ಅವಳ ಬಾಯಿಗಿಟ್ಟಳು.

“ಆಂಬುಲೆನ್ಸಿಗೆ ಫೋನ್ ಮಾಡಮ್ಮ! ಅಕ್ಕಾ, ನನ್ನನ್ನೇ ನೋಡಿ. ಎಳ್ಕೊಳ್ಳಿ. ಬಿಡಿ. ಇನ್ನೊಂದ್ಸಲ.”

ಐದು ಸಲ ಒತ್ತಿದ್ದಾಯಿತು, ಆರಾಯಿತು. ಪ್ರತಿ ಉಸಿರಿಗೂ ಕತ್ತಿನ ಗುಳಿ ಒಳಕ್ಕೆ ಹೋಗುತ್ತಲೇ ಇತ್ತು. ಕಣ್ಣು ಮುಚ್ಚತೊಡಗಿದಾಗ ನರ್ಸು ಕೆನ್ನೆ ತಟ್ಟಿದಳು. ಹತ್ತನೆಯದರ ಹೊತ್ತಿಗೆ ಎದೆಯ ಸಿಳ್ಳೆ ಚೂರು ಸಡಿಲಾಯಿತು. ಅಷ್ಟರಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿತು.

ಮರುದಿನ ಆಸ್ಪತ್ರೆಯಲ್ಲಿ ನರ್ಸು ತಡೆಯಲಾರದೆ ಕೇಳಿಬಿಟ್ಟಳು: “ದಿನಾ ‘ಇಲ್ಲ’ ಅಂತ ಯಾಕೆ ಒತ್ತಿದ್ರಿ?”

ನಾದಿನಿಯ ಮುಖ ಸಣ್ಣದಾಯಿತು. “ಅತ್ತಿಗೆಗೆ ಓದೋಕೆ ಬರಲ್ಲ. ‘ಉಸಿರಾಟದಲ್ಲಿ ಏರುಪೇರು ಆಗಿದೆಯೇ’ ಅಂತಿತ್ತು. ನಾನೇ ಓದಿ ಹೇಳ್ತಿದ್ದೆ.”

“ಏರುಪೇರು ಎಲ್ಲಿಂದ ಬರ್ಬೇಕು ಸಿಸ್ಟರ್?” ಎಂದಳು ಹೊಲಿಯುವವಳು. “ಹತ್ತು ವರ್ಷದಿಂದ ಒಂದೇ ಥರ ಉಬ್ಬಸ.”

ನಾದಿನಿಗೆ ನಗು ಬಂತು. ನರ್ಸಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ‘ಏರುಪೇರು’ ಎಂಬ ಆ ಮಾತು ಅವಳೇ ಬರೆದದ್ದು.

“ಮತ್ತೆ ಹೇಗೆ ಕೇಳ್ಬೇಕಿತ್ತು? ನೀವೇ ಹೇಳಿ.”

ದಿಂಬಿಗೊರಗಿದ್ದ ಹೆಂಗಸು ಮುಂದಕ್ಕೆ ಬಾಗಿದಳು. “ರಾತ್ರಿ ಮಲಗಿ ನಿದ್ದೆ ಮಾಡಿದ್ರಾ, ಕೂತು ಮಾಡಿದ್ರಾ ಅಂತ ಕೇಳಿ.”

“ನೀವು?”

“ಬೆನ್ನು ಹಾಸಿಗೆಗೆ ತಾಗಿ ತಿಂಗಳಾಯ್ತು.”

ನರ್ಸು ಅದನ್ನು ಹಾಗೆಯೇ ಬರೆದುಕೊಂಡಳು. ಓದಲು ಬಾರದವರಿಗೆಂದು ನಾದಿನಿಯ ದನಿಯಲ್ಲೇ ಪ್ರಶ್ನೆಯನ್ನು ರೆಕಾರ್ಡ್ ಮಾಡಿಸಿದಳು. ಹೊಸ ಪ್ರಶ್ನೆ ಎಲ್ಲರ ಫೋನಿಗೆ ಹೋದ ಮೊದಲ ಬೆಳಿಗ್ಗೆಯೇ, ಅಷ್ಟು ದಿನ ಹಸಿರಾಗಿದ್ದ ಒಂಬತ್ತು ಹೆಸರುಗಳು ಒಂದರ ಹಿಂದೊಂದು ಕೆಂಪಾದವು. ಅವಳು ಚಹಾ ಅಲ್ಲೇ ಬಿಟ್ಟು, ಪಂಪುಗಳನ್ನು ಚೀಲಕ್ಕೆ ತುಂಬಿಕೊಂಡು, ಎಲ್ಲಕ್ಕಿಂತ ಹತ್ತಿರದ ಮನೆಯ ಕಡೆ ಬಿರಬಿರನೆ ನಡೆದಳು.