ಗೆರೆ ಏಳಬಾರದಿತ್ತು

ನಾಯಿಯ ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿ, ಸೊಸೆ ಬಾಗಿಲು ಮುಚ್ಚಿ, ಅದರ ಕೆಳಗಿನ ಸಂದಿಗೆ ಟವೆಲ್ ತುರುಕಿದಳು. ಮೂಲೆಯ ಮಂಕು ಕೆಂಪು ಬಲ್ಬೊಂದನ್ನು ಬಿಟ್ಟರೆ ಕೋಣೆಯಲ್ಲಿ ಬೇರೆ ಬೆಳಕಿರಲಿಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗದೆ ಅಕ್ಷಿಪಟಲದ ಪರೀಕ್ಷೆ ಸರಿಯಾಗಿ ಆಗುವುದಿಲ್ಲ. ಅಲ್ಲಿಯವರೆಗೆ ಯಾರೂ ಹೊರಗೆ ಹೋಗುವಂತಿಲ್ಲ, ಫೋನ್ ತೆಗೆಯುವಂತಿಲ್ಲ. ಕೂತಿರಬೇಕು.

ಅತ್ತೆಯ ಜೊತೆ ಒಂದೇ ಕೋಣೆಯಲ್ಲಿ ಇಷ್ಟು ಹೊತ್ತು ಅವಳು ಮದುವೆಯಾದಾಗಿನಿಂದ ಕೂತಿರಲಿಲ್ಲ.

"ಬೇರೆ ಡಾಕ್ಟರ್ ಸಿಗಲಿಲ್ವಾ ಅಂತ ಕೇಳ್ಬೇಡ," ಅಂದಳು ಅತ್ತೆ ಕತ್ತಲೆಯಿಂದ. "ಈ ಮೆಷೀನು ಇರೋದು ನಿನ್ನ ಹತ್ರ ಮಾತ್ರ ಅಂತೆ. ನನ್ನ ಗ್ರಹಚಾರ."

"ನಾನೇನೂ ಕೇಳಿಲ್ಲ ಅತ್ತೆ."

"ಕೇಳಲ್ಲ. ಮನಸ್ಸಲ್ಲೇ ಅಂದ್ಕೋತೀಯ. ಅದು ಇನ್ನೂ ಕೆಟ್ಟದ್ದು."

ಮೇಜಿನ ಮೇಲೆ ದೊರೆ ಮತ್ತಿನ ಸೂಜಿಯ ಮಂಪರಿನಲ್ಲಿ ಗೊರಕೆ ಹೊಡೆಯುತ್ತಿತ್ತು. ಮಾವ ಸತ್ತ ಮೇಲೆ ಅತ್ತೆ ತಂದು ಸಾಕಿದ ನಾಯಿ. ದೊರೆ ಅಂತ ಹೆಸರಿಟ್ಟವಳೂ ಅವಳೇ. ಸೊಸೆಗೆ ಆ ಮನೆಯಲ್ಲಿ ಸಿಕ್ಕ ಹೆಸರು 'ನಾಯಿ ಡಾಕ್ಟರು'. "ನಮ್ಮ ಸೊಸೆಯೂ ಡಾಕ್ಟರೇ ಕಣ್ರೀ. ಪೇಷಂಟುಗಳು ಬಾಲ ಅಲ್ಲಾಡಿಸ್ತಾವೆ, ಅಷ್ಟೇ ವ್ಯತ್ಯಾಸ," ಎಂದು ನೆಂಟರ ಮುಂದೆ ನಗುತ್ತಿದ್ದಳು ಅತ್ತೆ. ಮಗ ಬೇರೆ ಮನೆ ಮಾಡಿದ್ದು ಆ ನಗುವಿನ ದೆಸೆಯಿಂದಲೇ.

ಹೋದ ವಾರ ದೊರೆ ಇದ್ದಕ್ಕಿದ್ದಂತೆ ಬಾಗಿಲು, ಕುರ್ಚಿಗಳಿಗೆ ಡಿಕ್ಕಿ ಹೊಡೆಯತೊಡಗಿತ್ತು. ಬೆಳಿಗ್ಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಸೊಸೆ ಇನ್ನೊಂದನ್ನೂ ನೋಡಿದ್ದಳು. ನಾಯಿ ಎಡಕ್ಕೇ ಸುತ್ತುತ್ತಿತ್ತು. ಸುತ್ತಿ ಸುತ್ತಿ ಕೊನೆಗೆ ಮೂಲೆ ಸೇರಿ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿತ್ತು. ನೋಡಿ ಸುಮ್ಮನಾಗಿದ್ದಳು. ಅಕ್ಷಿಪಟಲವೇ ಸತ್ತಿರಲಿ, ಈ ಸುತ್ತಾಟ ಕುರುಡಿನ ಗಾಬರಿಯಷ್ಟೇ ಆಗಿರಲಿ ಎಂದುಕೊಂಡಿದ್ದಳು. ಕುರುಡು ನಾಯಿ ವಾಸನೆ ಹಿಡಿದು, ಸದ್ದು ಹಿಡಿದು ನೆಮ್ಮದಿಯಾಗಿ ಬದುಕುತ್ತದೆ. ಕಣ್ಣು ನೆಟ್ಟಗಿದ್ದೂ ಕಾಣುತ್ತಿಲ್ಲವೆಂದರೆ ಕೆಟ್ಟಿರುವುದು ಕಣ್ಣಿನ ಹಿಂದೆ, ತಲೆಯೊಳಗೆ.

"ಮೆಷೀನು ಹೇಗೆ ಹೇಳುತ್ತೆ?" ಎಂದು ಅತ್ತೆ ಕೇಳಿದಳು.

"ಬೆಳಕು ಬಿಟ್ಟಾಗ ಕಣ್ಣು ಉತ್ತರ ಕೊಟ್ಟರೆ ಪರದೆ ಮೇಲೆ ಗೆರೆ ಏಳುತ್ತೆ. ಕೊಡದಿದ್ರೆ ಮಟ್ಟಸವಾಗಿ ಮಲಗಿರುತ್ತೆ."

"ಏಳುತ್ತೆ ಬಿಡು. ನನ್ನ ದೊರೆ ಅವನು."

"ಏಳದಿದ್ರೇನೇ ಒಳ್ಳೇದು ಅತ್ತೆ." ಬಾಯಿ ಜಾರಿತು.

ಕುರ್ಚಿ ಕಿರ್ರೆಂದಿತು. "ಏನಂದೆ?"

"ಅಂದ್ರೆ, ಆಗ ತೊಂದ್ರೆ ಬರೀ ಕಣ್ಣಲ್ಲೇ..."

"ಸಾಕು! ಬಾಯಿ ಬಾರದ ಪ್ರಾಣಿ ಕುರುಡಾಗ್ಲಿ ಅಂತೀಯಲ್ಲ, ನೀನೂ ಒಬ್ಳು ಡಾಕ್ಟರಾ? ನನ್ನ ಮೇಲಿನ ಕೋಪಾನ ಅವನ ಮೇಲೆ ಯಾಕೆ ತೀರಿಸ್ಕೋತೀಯ?"

ಬಿಡಿಸಿ ಹೇಳಬಹುದಿತ್ತು. ಆದರೆ ಈ ಹೆಂಗಸಿನ ಮುಂದೆ ಅರ್ಧ ಮಾತು ಆಡಿ ಉಳಿದರ್ಧ ನುಂಗುವುದು ಅವಳಿಗೆ ಚಟವೇ ಆಗಿಹೋಗಿತ್ತು. ಈಗಲೂ ನುಂಗಿದಳು. ಆಮೇಲೆ ಕೋಣೆಯಲ್ಲಿ ಉಳಿದದ್ದು ಗೊರಕೆ, ಮತ್ತು ಮುದಿ ಕೈಯೊಂದು ನಾಯಿಯ ಬೆನ್ನು ಸವರುವ ಸದ್ದು.

ಹೊತ್ತಾಯಿತು. ಕಣ್ಣು ಮರಗಟ್ಟಿಸುವ ಹನಿ ಬಿಟ್ಟು, ತಂತಿ ಹೊತ್ತ ತೆಳು ಲೆನ್ಸ್ ಕೂರಿಸಿದಳು. ಕಣ್ಣಿನ ಬದಿಗೊಂದು, ನೆತ್ತಿಗೊಂದು ಮೆಷೀನಿನ ತಂತಿಯ ಸೂಜಿ ಚರ್ಮದಡಿ ಇಳಿಸಿದಳು. ದೀಪ ಮಿಂಚಿತು.

ಕೆಂಪು ಹಾಳೆ ಹೊದಿಸಿದ ಪರದೆಯಲ್ಲಿ ಗೆರೆ ಚೂರು ಕುಸಿದು, ಮರುಕ್ಷಣ ಗುಡ್ಡದಂತೆ ಎದ್ದಿತು. ಮತ್ತೆ ಮಿಂಚಿಸಿದಳು. ಮತ್ತೆ ಗುಡ್ಡ. ಇನ್ನೊಂದು ಕಣ್ಣಿಗೂ ಅದೇ, ಪಾಠದ ಪುಸ್ತಕಕ್ಕೆ ಅಚ್ಚು ಹಾಕಬಹುದಾದಂಥ ಗುಡ್ಡ.

"ಎದ್ದಿತು! ಎದ್ದಿತಲ್ಲೇ!"

ಲೈಟು ಹಾಕುವಷ್ಟರಲ್ಲಿ ಫೋನು ಅತ್ತೆಯ ಕಿವಿಯಲ್ಲಿತ್ತು. "ಕಣ್ಣು ಬಂಗಾರದ ಹಾಗಿದೆಯಂತೆ ಕಣೋ ಮಗನೇ. ನಿನ್ನ ಹೆಂಡ್ತಿ ಗೆರೆ ಏಳಬಾರದು ಅಂತ ಶಾಪ ಹಾಕ್ತಾ ಕೂತಿದ್ಲು. ತಟ್ಟಲಿಲ್ಲ ನೋಡು! ಇಲ್ಲೇ ನಿಂತಿದ್ದಾಳೆ, ಮುಖ ಹುಳ್ಳಗೆ ಮಾಡ್ಕೊಂಡು."

ಸೊಸೆ ಸೂಜಿಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ತನ್ನ ಕಾಲ ಬಂದಿದೆ ಎಂದು ಅವಳಿಗೆ ತಿಳಿಯಿತು. ಈ ನಗುವನ್ನು ಬುಡಸಮೇತ ಕೀಳುವ ಮಾತು ನಾಲಗೆಯ ತುದಿಯಲ್ಲಿತ್ತು. ಅದು ನಿಜ, ಮೇಲಾಗಿ ಹೇಳಲೇಬೇಕಾದದ್ದು. ಎಷ್ಟು ಮೆತ್ತಗೆ ಹೇಳಿದರೂ ಗೆದ್ದವಳ ಮಾತಿನಂತೆಯೇ ಕೇಳಿಸುತ್ತದೆ. ಅದಕ್ಕಿಂತ ಕಹಿಯಾದದ್ದೆಂದರೆ, ತನ್ನೊಳಗೆ ಎಲ್ಲೋ ತಳದಲ್ಲಿ ಸಣ್ಣದೊಂದು ಹಿಗ್ಗು ತಲೆ ಎತ್ತಿದ್ದನ್ನು ಅವಳು ಕಂಡಳು. ಕಂಡದ್ದನ್ನು ಕಾಣಲಿಲ್ಲ ಎನ್ನುವಂತಿರಲಿಲ್ಲ.

ಫೋನು ಮುಗಿಯುವವರೆಗೆ ಕಾದಳು.

"ಯಾವಾಗ ಸರಿಹೋಗ್ತಾನೆ ಹೇಳು," ಅಂದಳು ಅತ್ತೆ, ಗೆದ್ದವರ ಧಾರಾಳದಲ್ಲಿ. "ಹೇಳೇ. ನೀನಂದಿದ್ದನ್ನ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ."

"ಕೂತ್ಕೊಳ್ಳಿ ಅತ್ತೆ."

"ಯಾಕೆ? ಕಣ್ಣು ಚೆನ್ನಾಗಿದೆ ತಾನೇ?"

"ಚೆನ್ನಾಗಿದೆ. ಅದಕ್ಕೇ ಕೂತ್ಕೊಳ್ಳಿ ಅಂದೆ. ತೊಂದ್ರೆ ಅದರ ಹಿಂದಿದೆ. ಎಡಕ್ಕೇ ಸುತ್ತುತಾನಲ್ಲ, ಗೋಡೆಗೆ ತಲೆ ಒತ್ತುತಾನಲ್ಲ... ಮೆದುಳಲ್ಲಿ ಗಡ್ಡೆ ಇರಬಹುದು. ಸ್ಕ್ಯಾನ್ ಮಾಡ್ಬೇಕು."

ಅತ್ತೆ ಕೂರಲಿಲ್ಲ. ಸೊಸೆಯ ಮುಖವನ್ನೇ ನೋಡಿದಳು. ಅಲ್ಲಿ ಏನನ್ನೋ ಹುಡುಕಿದಳು. ಸಿಕ್ಕಿತೆಂದು ಕಾಣುತ್ತದೆ.

"ಸಂತೋಷ ಆಯ್ತಾ?" ಅಂದಳು.

ಇಲ್ಲ ಎನ್ನಬೇಕಿತ್ತು. ಆ ಒಂದು ಮಾತು ಬರುವುದು ತಡವಾಯಿತು. ಅಷ್ಟರಲ್ಲಿ ದೊರೆ ತಲೆ ಎತ್ತಿ, ಇಬ್ಬರೂ ಇಲ್ಲದ ಕಡೆಗೆ ಮುಖ ತಿರುಗಿಸಿ, ಬಾಲ ಅಲ್ಲಾಡಿಸಿತು.