ಹೋಲ್ಡ್ ಆದ ರೊಕ್ಕ

ಮುಮ್ತಾಜಬೇಗಂ ಗಿಣಿಗೇರಾದ ಕಾರ್ಖಾನೆ ಗೇಟಿನ ಎದುರು ಬಂಡಿ ಹಚ್ಚಲು ಶುರು ಮಾಡಿ ಒಂಬತ್ತು ವರ್ಷ ಆಗಿತ್ತು. ಮಂಡಾಳ ಅಂದರೆ ಮಂಡಕ್ಕಿಯ ಒಗ್ಗರಣೆ, ಮಿರ್ಚಿ, ಚಹಾ, ಇಷ್ಟೇ ವ್ಯಾಪಾರ. ರಾತ್ರಿ ಪಾಳಿಯವರು ಹೊರಗೆ ಬರುವ ಹೊತ್ತಿಗೆ, ಬೆಳಗಿನ ಪಾಳಿಯವರು ಒಳಗೆ ಹೋಗುವ ಮೊದಲು, ಅವಳಿಗೆ ತಲೆ ಎತ್ತಲು ಪುರಸೊತ್ತು ಇರುತ್ತಿರಲಿಲ್ಲ. ಗಂಡ ಯಮನೂರಸಾಬನಿಗೆ ಮೊಣಕಾಲು ಬೇನೆ. ಸ್ಟೂಲಿನ ಮೇಲೆ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಒಬ್ಬಳೇ ಮಗಳು ಖುಷ್ಬು ಕೊಪ್ಪಳದಲ್ಲಿ ಬಿ.ಕಾಂ. ಓದುತ್ತಿದ್ದಳು.

ಬಂಡಿಯ ಮುಂದೆ ಸ್ಕ್ಯಾನರ್ ಅಂಟಿಸಿದ ಮೇಲೆ ರೊಕ್ಕ ಕೈಗೆ ಬರುವುದೇ ನಿಂತುಬಿಟ್ಟಿತ್ತು. ಹುಡುಗರು ಫೋನು ಹಿಡಿಯುತ್ತಿದ್ದರು, ಪಕ್ಕದ ಡಬ್ಬಿ "ಮೂವತ್ತು ರೂಪಾಯಿ ಬಂದಿದೆ" ಎಂದು ಕೂಗುತ್ತಿತ್ತು, ಅಷ್ಟೇ. ಅದರಿಂದ ಒಂದು ಛಲೋ ಆಗಿತ್ತು. ಕೈಗೆ ಸಿಗದ ರೊಕ್ಕ ಖರ್ಚಾಗುತ್ತಿರಲಿಲ್ಲ. ಎರಡು ವರ್ಷದಲ್ಲಿ ನಲವತ್ತಾರು ಸಾವಿರ ಕೂಡಿತ್ತು.

ಅದು ಅಂಗಡಿಯ ರೊಕ್ಕ. ರಸ್ತೆ ಅಗಲ ಮಾಡುತ್ತಾರೆ, ಗೇಟಿನ ಮುಂದಿನ ಬಂಡಿಗಳನ್ನೆಲ್ಲ ಎಬ್ಬಿಸುತ್ತಾರೆ ಎಂಬ ಮಾತು ಯುಗಾದಿಯಿಂದಲೇ ನಡೆದಿತ್ತು. ಕ್ರಾಸಿನ ಹತ್ತಿರ ಗೌರೀಶ ಎಂಬವರು ಎರಡು ಮಳಿಗೆ ಕಟ್ಟಿಸಿದ್ದರು. ಒಂದನ್ನು ಮುಮ್ತಾಜಬೇಗಂಗೆ ಕೊಡಲು ಒಪ್ಪಿದ್ದರು. ಒಂದನೇ ತಾರೀಖಿಗೆ ಐವತ್ತು ಸಾವಿರ ಅಡ್ವಾನ್ಸ್ ಕೊಡಬೇಕಿತ್ತು. ಕಡಿಮೆ ಬಿದ್ದ ನಾಲ್ಕು ಸಾವಿರವನ್ನು ಅವಳ ತಮ್ಮ ಮುನವ್ವರ ಕೊಡುತ್ತೇನೆ ಅಂದಿದ್ದ.

ತಾರೀಖಿಗೆ ಇನ್ನೂ ಹದಿನೆಂಟು ದಿನ ಇರುವಾಗ, ಒಂದು ಮಂಗಳವಾರ, ಕಿರಾಣಿ ಅಂಗಡಿಯಲ್ಲಿ ಎಣ್ಣೆ ಡಬ್ಬಿಗೆ ರೊಕ್ಕ ಹಾಕಲು ಹೋದರೆ ಹೋಗಲಿಲ್ಲ. ಮತ್ತೊಮ್ಮೆ ಒತ್ತಿದಳು. ಹೋಗಲಿಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ ಎಂದುಕೊಂಡು ಉದ್ರಿ ಬರೆಸಿ ಬಂದಳು. ಸಂಜೆ ಖುಷ್ಬು ನೋಡಿದಳು. ರೊಕ್ಕ ಒಳಗೆ ಬರುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ಆ್ಯಪಿನಲ್ಲಿ ದೂರು ಬರೆದಳು. "ನಿಮ್ಮ ಕೋರಿಕೆ ನಮಗೆ ಮುಖ್ಯ. ಏಳು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ" ಎಂದು ಬಂತು.

ಮರುದಿನ ತಾಯಿ ಮಗಳು ಇಬ್ಬರೂ ಕೊಪ್ಪಳದ ಬ್ಯಾಂಕಿಗೆ ಹೋದರು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಕಂಪ್ಯೂಟರ್ ನೋಡಿ, ಮತ್ತೆ ನೋಡಿ, ದನಿ ತಗ್ಗಿಸಿದಳು.

"ನಿಮ್ಮ ಖಾತೆ ಹೋಲ್ಡ್ ಆಗೇತ್ರಿ."

"ಯಾರ ಮಾಡ್ಯಾರ್ರಿ?"

"ನಾವಲ್ರಿ. ಬ್ಯಾರೆ ರಾಜ್ಯದ ಸೈಬರ್ ಪೊಲೀಸರು. ಅಲ್ಲಿ ಯಾರದೋ ರೊಕ್ಕ ಮೋಸದಿಂದ ಹೊಡದಾರ. ಆ ರೊಕ್ಕ ನಾಕೈದ ಖಾತೆ ದಾಟಿ ಒಂದಿಷ್ಟ ನಿಮ್ಮ ಖಾತೆಗೆ ಬಂದೈತಿ."

"ಎಷ್ಟ ಬಂದೈತ್ರಿ?"

"ಎರಡನೂರಾ ನಲವತ್ತ ರೂಪಾಯಿ."

ಮುಮ್ತಾಜಬೇಗಂಗೆ ಸ್ವಲ್ಪ ಸಮಾಧಾನವೇ ಆಯಿತು. "ಅಷ್ಟ ಇಟಗೋರಿ ಅವ್ವಾ. ಯಾರದೈತೋ ಅವರಿಗೆ ಕೊಡ್ರಿ. ಉಳದದ್ದ ನನಗ ಬಿಡ್ರಿ."

"ಹಂಗ ಬರೂದಿಲ್ರಿ. ಪೂರ್ತಿ ಖಾತೆ ಬಂದ್ ಮಾಡ್ರಿ ಅಂತ ಬರದಾರ. ಅವರ ಕಡಿಂದ ಪತ್ರ ಬಂದ್ರ ನಾವ ಒಂದ ನಿಮಿಷದಾಗ ತಗೀತೀವಿ."

"ಪತ್ರ ಯಾವಾಗ ಬರತೈತಿ?"

ಆ ಹೆಣ್ಣುಮಗಳು ಒಂದು ಚೀಟಿಯಲ್ಲಿ ದೂರಿನ ನಂಬರು, ತಾರೀಖು, ಪೊಲೀಸರ ಈಮೇಲ್ ಬರೆದು ಕೊಟ್ಟಳು. ಹಿಂದೆ ಸಾಲು ಉದ್ದ ಇತ್ತು.

ಅಂದೇ ಖುಷ್ಬು ಆ ಈಮೇಲಿಗೆ ಪತ್ರ ಬರೆದಳು. ಆಧಾರ್, ಪಾಸ್‌ಬುಕ್ಕು, ಬಂಡಿಯ ಫೋಟೋ, ಪಂಚಾಯಿತಿಯ ಚೀಟಿ ಎಲ್ಲ ಜೋಡಿಸಿದಳು. ಉತ್ತರ ಬರಲಿಲ್ಲ. ಆ ಪೊಲೀಸರ ಠಾಣೆಗೆ ಫೋನ್ ಮಾಡಿದರೆ ಗಂಟೆ ಹೊಡೆದು ಹೊಡೆದು ನಿಲ್ಲುತ್ತಿತ್ತು. ಒಂದು ಸಲ ಯಾರೋ ಎತ್ತಿ, ಹಿಂದಿಯಲ್ಲಿ, ನಂಬರು ಕೇಳಿ, ಇದನ್ನು ನೋಡುವ ಸಾಹೇಬರು ರಜೆಯಲ್ಲಿದ್ದಾರೆ ಎಂದು ಇಟ್ಟುಬಿಟ್ಟರು. ಆ್ಯಪಿನವರು ಆರನೇ ದಿನ ಉತ್ತರಿಸಿದರು. "ನಿಮ್ಮ ಬ್ಯಾಂಕನ್ನು ಸಂಪರ್ಕಿಸಿ." ದೂರು ಬಗೆಹರಿದಿದೆ ಎಂದು ತಾವೇ ಮುಚ್ಚಿ, ನಮ್ಮ ಸೇವೆಗೆ ಎಷ್ಟು ಚುಕ್ಕಿ ಕೊಡುತ್ತೀರಿ ಎಂದೂ ಕೇಳಿದರು.

ಮುಮ್ತಾಜಬೇಗಂ ಸ್ಕ್ಯಾನರ್ ಮೇಲೆ ಅರಿವೆ ಕಟ್ಟಿದಳು. ರೊಕ್ಕ ಕೈಯಲ್ಲೇ ಕೊಡ್ರಿ ಅಂದಳು. ಹುಡುಗರ ಕಿಸೆಯಲ್ಲಿ ರೊಕ್ಕ ಎಲ್ಲಿಂದ ಬರಬೇಕು. ಕೆಲವರು ನಾಳೆ ಕೊಡುತ್ತೇವೆ ಅಂದರು, ಕೆಲವರು ಆಚೆ ಬಂಡಿಗೆ ಹೋದರು. ಒಂದೇ ವಾರದಲ್ಲಿ ಮಿರ್ಚಿಗೆ ಕಲಸುವ ಹಿಟ್ಟು ಅರ್ಧಕ್ಕೆ ಇಳಿಯಿತು.

ಆ ಎರಡುನೂರಾ ನಲವತ್ತು ಯಾರು ಹಾಕಿದ್ದು ಎಂಬುದನ್ನು ಹುಡುಕಿದವಳು ಖುಷ್ಬು. ಚೀಟಿಯ ತಾರೀಖು ಹಿಡಿದು ಫೋನಿನಲ್ಲಿ ಹಿಂದೆ ಹಿಂದೆ ಹೋದಳು. ಆ ದಿನ ಅಷ್ಟು ಮೊತ್ತ ಒಂದೇ ಇತ್ತು.

"ಅಮ್ಮೀ, ಗಾದಿಲಿಂಗಪ್ಪ ಅಂತ ಐತಿ."

ಮುಮ್ತಾಜಬೇಗಂ ನಂಬಲಿಲ್ಲ. ಗಾದಿಲಿಂಗಪ್ಪ ಸಿದ್ದಾಪುರದ ಕಡೆಯ ಹುಡುಗ, ಇಪ್ಪತ್ತಾರರವ. ಗುತ್ತಿಗೆದಾರನ ಕೈಯಲ್ಲಿ ಕಾರ್ಖಾನೆಯೊಳಗೆ ಲೋಡಿಂಗ್ ಕೆಲಸ ಮಾಡುತ್ತಿದ್ದ. ದಿನಾ ಬೆಳಿಗ್ಗೆ ತಿಂದು, ಶನಿವಾರಕ್ಕೊಮ್ಮೆ ಒಟ್ಟಿಗೆ ಕೊಡುತ್ತಿದ್ದ. ಯಮನೂರಸಾಬನಿಗೆ ಬಂಡಿ ನೂಕಲು ಆಗದ ದಿನ ತಾನೇ ನೂಕಿಕೊಡುತ್ತಿದ್ದ. ಆದರೆ ಈಗ ಹತ್ತು ದಿನದಿಂದ ಅವನು ಬಂಡಿಯ ಕಡೆ ಬಂದಿರಲಿಲ್ಲ.

ಮರುದಿನ ಅವನು ಗೇಟಿನಿಂದ ಹೊರಬರುವುದನ್ನೇ ಕಾದು ಕರೆದಳು. ಬಂದು ನಿಂತ. ಅವಳು ಚೀಟಿ ತೋರಿಸಿದಳು. ಅವನು ಅದನ್ನು ಓದಲೇ ಇಲ್ಲ.

"ನಂದೂ ಬಂದ್ ಆಗೇತ್ರಿ ಅಕ್ಕಾರ. ನಿಮಗ ಮಾರಿ ತೋರಸಾಕ ಆಗಲಿಲ್ಲ."

"ಏನ ಮಾಡಿದಿ ತಮ್ಮಾ?"

ನಿಧಾನವಾಗಿ ಹೇಳಿದ. ಗುತ್ತಿಗೆದಾರ ಎರಡು ತಿಂಗಳು ಪಗಾರ ಕೊಟ್ಟಿರಲಿಲ್ಲ. ರೂಮಿನ ಬಾಡಿಗೆ ನಿಂತಿತ್ತು. ಗಂಗಾವತಿಯಲ್ಲಿ ಪರಿಚಯದವನೊಬ್ಬ, ನಮ್ಮ ಕಂಪನಿಯ ರೊಕ್ಕ ಬರುತ್ತದೆ, ನಿನ್ನ ಖಾತೆ ಎಂಟು ದಿನ ಬಾಡಿಗೆಗೆ ಕೊಡು, ನಾಲ್ಕು ಸಾವಿರ ಕೊಡುತ್ತೇನೆ ಅಂದ. ಇವನು ಎಟಿಎಂ ಕಾರ್ಡು, ಸಿಮ್ಮು ಕೊಟ್ಟ. ಎಂಟು ದಿನ ಬಿಟ್ಟು ಎರಡೂ ವಾಪಸ್ ಬಂದವು. ಖಾತೆಯಲ್ಲಿ ನಾಲ್ಕು ಸಾವಿರ ಇತ್ತು. ಬಾಡಿಗೆ ಕೊಟ್ಟ, ಮಂಡಾಳದ ರೊಕ್ಕ ಕೊಟ್ಟ.

"ಕೆಟ್ಟ ರೊಕ್ಕ ಅಂತ ನಿನಗ ಗೊತ್ತಿತ್ತೇನ?"

"ಕೇಳಬೇಕು ಅನಿಸಿತ್ರಿ. ಕೇಳಲಿಲ್ಲ."

ಬೈಯಬೇಕೆಂದು ಅವಳು ರಾತ್ರಿಯೆಲ್ಲ ಕೂಡಿಸಿಟ್ಟುಕೊಂಡ ಮಾತುಗಳನ್ನು ಅಲ್ಲೇ ಬಿಟ್ಟಳು. ಅಂಗಡಿಯ ತಾರೀಖು ಹೇಳಿದಳು, ನಲವತ್ತಾರು ಸಾವಿರದ ಲೆಕ್ಕ ಹೇಳಿದಳು. ಕೊನೆಗೆ ಕೇಳಿದಳು.

"ಕೊಪ್ಪಳದ ಪೊಲೀಸರ ಮುಂದ ಬಂದು ಒಂದ ಮಾತ ಹೇಳತೀಯೇನ? ಈ ರೊಕ್ಕ ನಾಷ್ಟಾದ್ದು, ಆಕಿಗೆ ಏನೂ ಸಂಬಂಧ ಇಲ್ಲ ಅಂತ. ಇಲ್ಲಿನವರು ಬರದ ಕೊಟ್ರ ಅವರು ಲಗೂ ಬಿಡತಾರಂತ. ಬ್ಯಾಂಕಿನ್ಯಾಗ ಒಬ್ಬರು ಅಂದ್ರು."

"ನನ್ನ ಹಿಡೀತಾರೇನ್ರಿ?"

"ನನಗ ಗೊತ್ತಿಲ್ಲಪ್ಪ," ಅಂದಳು. ಅದು ಸುಳ್ಳಾಗಿರಲಿಲ್ಲ. ಆದರೆ ಗೊತ್ತುಮಾಡಿಕೊಳ್ಳಲೂ ಅವಳು ಹೋಗಿರಲಿಲ್ಲ.

ಶುಕ್ರವಾರ ಅವನು ರಜೆ ಹಾಕಿ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಠಾಣೆಯಲ್ಲಿ ಹೇಳಿಕೆ ಬರೆಸಿಕೊಂಡರು. ಮುಮ್ತಾಜಬೇಗಂಗೆ ಅರ್ಧ ಗಂಟೆಯಲ್ಲಿ ಹೋಗು ಅಂದರು. ಅವನನ್ನು ಮಾತ್ರ ಕೂರಿಸಿಕೊಂಡರು. ಅವಳು ಹೊರಗಿನ ಬೇವಿನ ಮರದ ಕೆಳಗೆ ನಿಂತಳು. ಮಧ್ಯಾಹ್ನ ಆಯಿತು. ನಾಲ್ಕು ಹೊಡೆಯಿತು. ಹೊರಗೆ ಬಂದಾಗ ಅವನ ಕೈಯಲ್ಲಿ ಫೋನು ಇರಲಿಲ್ಲ, ಒಂದು ನೋಟೀಸು ಇತ್ತು. ದೂರು ಕೊಟ್ಟ ಊರಿಗೆ ಹದಿನೈದು ದಿನದೊಳಗೆ ಹೋಗಿ ಹಾಜರಾಗಬೇಕು. ರೈಲಿನಲ್ಲಿ ಹೋಗುವುದಕ್ಕೇ ಎರಡು ದಿನದ ದಾರಿ. ಇಬ್ಬರೂ ಗಿಣಿಗೇರಾದ ಬಸ್ಸು ಹತ್ತಿದರು. ಇಳಿಯುವಾಗ ಅವನು ಕೇಳಿದ, "ನಿಮ್ಮ ಖಾತೆ ಚಾಲೂ ಆಗತೈತಿ ಅಂತ ಪೊಲೀಸರು ಅಂದ್ರೇನ್ರಿ?"

ಪೊಲೀಸರು ಕಾರ್ಖಾನೆಗೆ ಫೋನ್ ಮಾಡಿ ಅವನು ನಿಜಕ್ಕೂ ಅಲ್ಲಿ ಕೆಲಸ ಮಾಡುತ್ತಾನೋ ಎಂದು ವಿಚಾರಿಸಿದ್ದರು. ಸೋಮವಾರ ಗುತ್ತಿಗೆದಾರ ಅವನ ಗೇಟ್ ಪಾಸ್ ಕಿತ್ತುಕೊಂಡ.

ಒಂದನೇ ತಾರೀಖು ಬಂತು. ಗೌರೀಶರು ಒಳ್ಳೆಯವರೇ. ಹತ್ತು ದಿನ ಹೆಚ್ಚಿಗೆ ಕಾದರು. ಹನ್ನೊಂದನೇ ದಿನ, "ಬೇಗಂ, ನನಗೂ ಸಾಲದ ಕಂತ ಕಟ್ಟೂದೈತಿ" ಅಂದು ಮಳಿಗೆಯನ್ನು ಒಬ್ಬ ಮೊಬೈಲ್ ಅಂಗಡಿಯವನಿಗೆ ಕೊಟ್ಟರು. ಯಮನೂರಸಾಬ ಆ ದಿನ ಊಟ ಮಾಡಲಿಲ್ಲ. ಖುಷ್ಬು ಮಾತ್ರ ದಿನಕ್ಕೊಂದು ಈಮೇಲ್ ಹಾಕುವುದನ್ನು ಬಿಡಲಿಲ್ಲ.

ಎಪ್ಪತ್ತೊಂದನೇ ದಿನ ಬ್ಯಾಂಕಿನಿಂದ ಮೆಸೇಜ್ ಬಂತು. ಎರಡುನೂರಾ ನಲವತ್ತು ಬಿಟ್ಟು ಉಳಿದ ರೊಕ್ಕಕ್ಕೆ ತಡೆ ತೆಗೆದಿದ್ದರು. ಗಾದಿಲಿಂಗಪ್ಪನ ಹೇಳಿಕೆಯಿಂದ ಆಯಿತೋ, ಮಗಳ ಈಮೇಲಿನಿಂದ ಆಯಿತೋ ಯಾರೂ ಹೇಳಲಿಲ್ಲ. ಮುಮ್ತಾಜಬೇಗಂ ಅಂದೇ ಹೋಗಿ ಅಷ್ಟನ್ನೂ ತೆಗೆದು, ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ಅದಾಗಿ ನಾಲ್ಕನೇ ದಿನ ಬೆಳಿಗ್ಗೆ, ಜನ ಕಡಿಮೆಯಾದ ಮೇಲೆ, ಒಬ್ಬ ಹೆಂಗಸು ಬಂಡಿಯ ಹತ್ತಿರ ಬಂದು ನಿಂತಳು. ಅರವತ್ತು ದಾಟಿರಬಹುದು.

"ಮಂಡಾಳದ ಬೇಗಂ ಅಂದ್ರ ನೀನೇನವ್ವಾ? ನಾ ಗಾಳೆಮ್ಮ. ಗಾದಿಲಿಂಗನ ಅವ್ವ."

ಮುಮ್ತಾಜಬೇಗಂ ಸ್ಟೂಲು ಕೊಟ್ಟಳು. ಗಾಳೆಮ್ಮ ಕೂರಲಿಲ್ಲ.

"ಎರಡನೂರಾ ನಲವತ್ತ ರೂಪಾಯಿ ಸಲುವಾಗಿ ನನ್ನ ಮಗನ್ನ ಠಾಣೇಕ ಕರಕೊಂಡ ಹೋದ್ಯಂತ?"

"ನನ್ನ ರೊಕ್ಕೆಲ್ಲಾ ಸಿಕ್ಕೊಂಡಿತ್ತು ಯವ್ವಾ. ಎರಡ ವರ್ಷದ ದುಡಿಮಿ."

"ಇರಲಿ. ನಿನ್ನ ರೊಕ್ಕ ಬಂತೇನ?"

"ಬಂತು."

"ಅವಗ ಕೆಲಸ ಇಲ್ಲ. ನೋಟೀಸಿಗೆ ಹೋಗಿ ಬರಾಕ ಹದಿಮೂರ ಸಾವಿರ ಆತು, ಮತ್ತ ಬಾ ಅಂದಾರಂತ. ಮನ್ಯಾಗ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾನ." ದನಿ ಏರಿರಲಿಲ್ಲ. "ಅವ ತಪ್ಪ ಮಾಡ್ಯಾನ, ನಾ ಇಲ್ಲ ಅನ್ನೂದಿಲ್ಲ. ಆದ್ರ ನೀ ಕರೀಲಿಲ್ಲಂದ್ರ ಅವ ಹೋಗತಿದ್ನೇನ?"

ಯಮನೂರಸಾಬ ಚಾಕು ಕೆಳಗಿಟ್ಟ. ಕರೆಯದಿದ್ದರೂ ಪೊಲೀಸರು ಒಂದು ದಿನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು ಎಂದು ಹೇಳಬಹುದಿತ್ತು. ಅದು ನಿಜವೂ ಇರಬಹುದು. ಮುಮ್ತಾಜಬೇಗಂ ಆ ಮಾತು ಆಡಲಿಲ್ಲ.

"ಹೋಗತಿರಲಿಲ್ಲ," ಅಂದಳು.

ಗಾಳೆಮ್ಮ ಆಗ ಸ್ಟೂಲಿನ ಮೇಲೆ ಕೂತಳು. ಚಹಾ ಕೊಟ್ಟರು. ಕುಡಿಯದೆ ಕೈಯಲ್ಲಿ ಹಿಡಿದುಕೊಂಡಳು. ಮುಮ್ತಾಜಬೇಗಂ ಸಂಚಿಯಿಂದ ಐದು ಸಾವಿರ ತೆಗೆದು ಮುಂದೆ ಹಿಡಿದಳು.

"ರೊಕ್ಕಕ್ಕ ಬಂದಿಲ್ಲವ್ವಾ ನಾ. ಆ ಗುತ್ತಿಗಿದಾರ ಇಲ್ಲೇ ಇರತಾನಂತಲ್ಲ. ನೀ ಬಂದು ಒಂದ ಮಾತ ಹೇಳು. ಹುಡುಗ ಕಳ್ಳ ಅಲ್ಲ, ತಾನಾಗಿ ಹೋಗಿ ಒಪ್ಪಿಕೊಂಡಾನ ಅಂತ. ನನ್ನ ಮಾತ ಯಾರ ಕೇಳತಾರ."

ಬಂಡಿಯನ್ನು ಯಮನೂರಸಾಬನಿಗೆ ಬಿಟ್ಟು ಇಬ್ಬರೂ ಗುತ್ತಿಗೆದಾರನ ಆಫೀಸಿಗೆ ನಡೆದರು. ಲಾರಿಗಳು ಎಬ್ಬಿಸಿದ ಕರಿ ಧೂಳಿಗೆ ಇಬ್ಬರೂ ಸೆರಗು ಮುಚ್ಚಿಕೊಂಡಿದ್ದರು. ಒಂದು ತಾಸು ಕಾದ ಮೇಲೆ ಒಳಗೆ ಕರೆದ. ಮುಮ್ತಾಜಬೇಗಂ ಎಲ್ಲವನ್ನೂ ಹೇಳಿದಳು. ಪಗಾರ ಎರಡು ತಿಂಗಳು ನಿಂತಿದ್ದನ್ನೂ ಹೇಳಿದಳು. ಗುತ್ತಿಗೆದಾರ ಅದಕ್ಕೆ ಮಾತ್ರ ಮುಖ ಗಂಟು ಹಾಕಿದ.

"ಕೇಸ್ ಮುಗದೈತಿ ಅಂತ ಕಾಗದ ತರ್ರಿ, ತಗೋತೀನಿ. ಅದಿಲ್ಲದ ಕಂಪನಿಯವರು ನನ್ನ ಒಳಗ ಬಿಡೂದಿಲ್ಲ."

"ಕಾಗದ ಯಾರ ಕೊಡತಾರ್ರಿ?"

"ಕೇಸ್ ಮಾಡಿದ ಪೊಲೀಸರ ಕೊಡಬೇಕು."

"ಎಷ್ಟ ದಿನ ಹಿಡೀತೈತಿ?"

"ನನಗೇನ ಗೊತ್ತು ಬೇಗಂ. ನಿಮ್ಮದಕ ಎಷ್ಟ ಹಿಡೀತು?"

ಬಸ್ ನಿಲ್ದಾಣದಲ್ಲಿ ಗಾಳೆಮ್ಮ ನೆರಳು ನೋಡಿ ನಿಂತಳು. ಮುಮ್ತಾಜಬೇಗಂ ಮತ್ತೆ ರೊಕ್ಕ ಚಾಚಿದಳು. ಈ ಸಲ ಅವಳು ಬೇಡ ಅನ್ನಲಿಲ್ಲ. ಎರಡು ನೋಟು ಮಾತ್ರ ತೆಗೆದುಕೊಂಡು ಉಳಿದದ್ದನ್ನು ವಾಪಸ್ ಮಡಚಿಕೊಟ್ಟಳು. "ರೈಲ ಚಾರ್ಜಿಗೆ. ಅವಗ ಹೇಳೂದಿಲ್ಲ ನಾ," ಅಂದಳು.

"ಖುಷ್ಬು ಅಂತ ನನ್ನ ಮಗಳದಾಳ. ಅವನ ನೋಟೀಸಿನ ನಂಬರ ಕೊಡ್ರಿ. ಆಕಿ ಬರೀತಾಳ, ದಿನಾ ಬರೀತಾಳ."

ಗಾಳೆಮ್ಮ ಕುಪ್ಪಸದೊಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನೋಟೀಸು ತೆಗೆದಳು. ಬಸ್ಸು ಬರುವುದರೊಳಗೆ ಮುಮ್ತಾಜಬೇಗಂ ಅದರ ಫೋಟೋ ಹೊಡೆದುಕೊಂಡಳು. ನಂಬರು ಸರಿಯಾಗಿ ಕಾಣಲಿಲ್ಲ, ಎರಡನೇ ಸಲ ಹೊಡೆದಳು.

ಬಂಡಿಗೆ ಬಂದಾಗ ಯಮನೂರಸಾಬ ಪಾತ್ರೆ ತೊಳೆದಿಟ್ಟಿದ್ದ. ಏನಾಯಿತು ಎಂದು ಕೇಳಿದ.

"ಆಗಲಿಲ್ಲ," ಅಂದಳು. "ಮುಂದಿನ ಸೋಮವಾರ ಗುತ್ತಿಗಿದಾರನ ಕಡೆ ಮತ್ತ ಹೋಗತೀನಿ."