ಬೇಲಿಗೊಂದು ಗೇಟು

"ಮೊದ್ಲು ಗೇಟ್ ಹೇರು. ಕಂಬ ಆಮೇಲೆ," ಎಂದು ಓರಿನ್ ಟಾಲಿ ಊರುಗೋಲಿನಿಂದ ಪಿಕಪ್ಪಿನ ಹಿಂಬದಿಯನ್ನು ತಟ್ಟಿದ.

ವರ್ನಾ ಕಿಮೆಲ್ ಗೇಟನ್ನೂ ನೋಡಿದಳು, ಅವನ ಮುಖವನ್ನೂ ನೋಡಿದಳು. ತಮಾಷೆಯಿರಬೇಕು ಅಂದುಕೊಂಡರೆ ಆ ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಅರಿಜೋನಾದ ಈ ಮೂಲೆಯಲ್ಲಿ, ಮೆಕ್ಸಿಕೋ ಕಡೆಯಿಂದ ಯಾರೂ ನುಸುಳಬಾರದೆಂದು ಸ್ವಯಂಸೇವಕರು ತಾವೇ ಕಟ್ಟುತ್ತಿದ್ದ ಬೇಲಿಗೆ ಮನೆಮನೆ ತಿರುಗಿ ಸಾಮಾನು ಎತ್ತಿ ತರುವ ಕೆಲಸ ಅವಳದು. ಜನ ಏನೇನೋ ಕೊಟ್ಟಿದ್ದರು. ಕಲ್ಲಾಗಿ ಹೋದ ಸಿಮೆಂಟು, ಹಿಡಿಯಿಲ್ಲದ ಸುತ್ತಿಗೆ. ಒಬ್ಬಾಕೆಯಂತೂ ತೀರಿಹೋದ ಗಂಡನ ಗಾಲ್ಫ್ ಕೋಲುಗಳನ್ನೇ ಕೊಟ್ಟು ಕಣ್ಣೊರೆಸಿಕೊಂಡಿದ್ದಳು. ಗೇಟು ಕೊಟ್ಟವನು ಮಾತ್ರ ಇವನೊಬ್ಬನೇ.

"ಓರಿನ್, ಇದು ಗಡಿ ಬೇಲಿ ಕಣ್ರೀ."

"ಗೊತ್ತು. ನಂಗೇನು ಅರಳುಮರಳಾ? ಬೇಲಿ ಬೇಕು ಅಂತ ನಿಮಗಿಂತ ಮೊದ್ಲು ಬಾಯಿ ಬಡ್ಕೊಂಡೋನು ನಾನು. ಯಾರ್ಯಾರೋ ತಂತಿ ಕತ್ತರಿಸಿ ಹೋಗ್ತಾರೆ, ಬೆಳಗಾದ್ರೆ ನನ್ನ ದನ ಆ ದೇಶದಲ್ಲಿ ಮೇಯ್ತಿರತ್ತೆ. ಆದ್ರೆ ಗೇಟಿಲ್ದೇ ಯಾರಾದ್ರೂ ಬೇಲಿ ಹಾಕ್ತಾರೇನಮ್ಮಾ? ಹೋದ ದನಾನ ವಾಪಸ್ ಹೇಗೆ ತರ್ತೀಯ? ಹೆಗಲ ಮೇಲೆ ಹೊತ್ಕೊಂಡು ಹಾರ್ತೀಯಾ?"

ಅವನ ಕೆಂಪು ಹಸು ಕರುವಿನ ಸಮೇತ ಆಗಲೇ ಆಚೆ ಸೇರಿತ್ತು. ಅವನ ಹೆಂಡತಿ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದ ಹಸು. ಆಕೆ ಹೋದ ಮೇಲೆ ಅವನಿಗೆ ಮನೆಯವರು ಅಂತ ಉಳಿದದ್ದು ಅದೊಂದೇ ಅಂದರೂ ತಪ್ಪಿಲ್ಲ. ಗಡಿಯಾಚೆ ದನ ಸಾಕುವ ಚೆಮಾ ಅದನ್ನು ಹಿಡಿದು ಕಟ್ಟಿಹಾಕಿ ಸುದ್ದಿ ಕಳಿಸಿದ್ದ. ಒಬ್ಬರ ದನ ಇನ್ನೊಬ್ಬರಿಗೆ ತಲುಪಿಸುವುದು ಇಬ್ಬರಿಗೂ ಪ್ರಾಯದಿಂದ ಬಂದ ರೂಢಿ.

"ಭಾನುವಾರ ಬೆಳಿಗ್ಗೆ ತರ್ತಾನೆ. ಒಣಹಳ್ಳದ ಹತ್ರ ಗೇಟ್ ಇರತ್ತೆ ಅಂತ ಹೇಳಿದೀನಿ. ನಾನಿರಲ್ಲ, ಶುಕ್ರವಾರ ಟೂಸಾನ್ ಆಸ್ಪತ್ರೇಲಿ ನನ್ನ ಸೊಂಟ ಕೊಯ್ತಾರೆ. ನೀನೇ ಗೇಟ್ ತೆಗೆದು ಹಸೂನ ಒಳಗೆ ಬಿಟ್ಕೋಬೇಕು. ಮಾತು ಕೊಡು, ಈ ಕಂಬ ಎಲ್ಲಾ ತಗೊಂಡು ಹೋಗು."

ಕಂಬಗಳೋ, ಎಣ್ಣೆಬಾವಿಯ ಹಳೆಯ ಕೊಳವೆ ಕತ್ತರಿಸಿ ಮಾಡಿದವು, ಆನೆ ಒರಗಿದರೂ ಬಾಗುವಂಥವಲ್ಲ. ಉಳಿದ ಕಡೆಯೆಲ್ಲ ಬೇಲಿ ಮುಗಿದು, ಕಂಬವಿಲ್ಲದೆ ಒಣಹಳ್ಳದ ಬಳಿಯಷ್ಟೇ ಕೆಲಸ ನಿಂತಿತ್ತು. "ಕೊಟ್ಟೆ," ಎಂದಳು ವರ್ನಾ. ಅಂದ ಮೇಲೆ ದಾರಿಯುದ್ದಕ್ಕೂ ಅವಳಿಗೆ ತಾನು ಕೊಟ್ಟದ್ದೇನು, ತಂದದ್ದೇನು ಎಂಬುದೇ ತಿಳಿಯದಾಯಿತು.

ಪಶು ಆಹಾರದ ಅಂಗಡಿಯ ಹಿತ್ತಲಲ್ಲಿ ಸಾಮಾನಿನ ರಾಶಿ. ಕೆಲಸದ ಯಜಮಾನಿಕೆ ವಹಿಸಿದ್ದ ಗ್ಯಾರೆಟ್ ದೂರದ ಓಹಾಯೊದಿಂದ ಬಂದವನು, ವಯಸ್ಸಿನಲ್ಲಿ ಅವಳ ಮಗನಷ್ಟು. ಗೇಟು ಕಂಡವನೇ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಇದೇನ್ರೀ ವರ್ನಾ, ಬಾಗಿಲು ತಂದಿದೀರಾ? ಕಾಲಿಂಗ್ ಬೆಲ್ ಮರೆತು ಬಂದ್ರಾ?"

ಸುತ್ತಲಿದ್ದವರು ಘೊಳ್ಳೆಂದು ನಕ್ಕರು.

"ನಗಬೇಡ. ಓರಿನ್‌ದು ಹಸು ಬರೋದಿದೆ. ಬೀಗ ಹಾಕಿಟ್ರಾಯ್ತಪ್ಪ."

"ಹಸುಗೆ ಅಂತ ತೆಗೆದ್ರೆ ಹಸು ಒಂದೇ ಬರತ್ತಾ?"

ಅವನು ಹೇಳಿದ್ದು ಸರಿ ಅನ್ನಿಸಿತು. ಹಾಳಾದ್ದು, ಓರಿನ್ ಹೇಳಿದ್ದೂ ಸರಿಯೇ! ಎರಡೂ ಸರಿಯಾಗಿರುವುದು ಹೇಗೆ ಸಾಧ್ಯವೆಂದು ಅವಳಿಗೆ ತಲೆಕೆಟ್ಟು ಹೋಯಿತು.

"ಮಾತು ಕೊಟ್ಟಿದೀನಿ ಗ್ಯಾರೆಟ್."

"ಆಯ್ತು ಬಿಡಿ, ನೋಡೋಣ." ಅವನು ಹಿಂದಕ್ಕೆ ತಿರುಗಿ ಕೂಗಿದ: "ಏಯ್, ಬನ್ರೋ! ನಮ್ಮ ವರ್ನಾ ಕಂಬ ತಂದ್ರು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬ ಶಿಳ್ಳೆಯನ್ನೂ ಹೊಡೆದ. ಕೆಲಸದಿಂದ ನಿವೃತ್ತಳಾಗಿ, ಗಂಡ ಬೇರೊಬ್ಬಳ ಜೊತೆ ಹೋದ ಮೇಲೆ, ಅವಳು ಬಂದದ್ದಕ್ಕೆ ಖುಷಿಪಟ್ಟವರು ಇವರು ಮಾತ್ರ. ಅವಳು ಮುಖ ಕೆಂಪಾಗಿಸಿಕೊಂಡು ನಿಂತಳು, ಗೇಟಿನ ಮಾತು ಮತ್ತೆ ಎತ್ತಲಿಲ್ಲ.

ಶನಿವಾರ ಒಣಹಳ್ಳದ ಬಳಿ ಕಂಬ ನೆಟ್ಟು, ಈ ತುದಿಯಿಂದ ಆ ತುದಿಗೆ ಮುಳ್ಳುತಂತಿ ಬಿಗಿದರು. ಗೇಟನ್ನು ಎರಡು ಡ್ರಮ್ಮಿನ ಮೇಲೆ ಮಲಗಿಸಿ ಹಲಗೆ ಹಾಸಿ, ಅದರ ಮೇಲೆ ಊಟ ಜೋಡಿಸಿದರು. ವರ್ನಾ ಅದರಿಂದಲೇ ತಟ್ಟೆ ತುಂಬಿಸಿಕೊಂಡು ತಿಂದಳು. ಬೀನ್ಸ್ ಕಾಳಿನ ಸಾರು ಗಂಟಲಲ್ಲಿ ಇಳಿಯಲಿಲ್ಲ ಅನ್ನೋಣವೆಂದರೆ ಅದೂ ಸುಳ್ಳು. ಎರಡನೆಯ ಸಲವೂ ಬಡಿಸಿಕೊಂಡಳು.

ಸಂಜೆ ಆಸ್ಪತ್ರೆಯಿಂದ ಫೋನು. ಮಂಪರಿನಲ್ಲಿ ಓರಿನ್‌ನ ದನಿ ಎಳೆದೆಳೆದು ಬರುತ್ತಿತ್ತು.

"ಗೇಟ್ ಸರಿಯಾಗಿ ಕೂತ್ಕೊಂತಾ?"

"ಹೂಂ."

"ಕೆಳಗಿನ ಕೀಲು ಕಿರುಗುಡತ್ತೆ. ಚೂರು ಗ್ರೀಸ್ ಹಚ್ಚಿಬಿಡು. ಆ ಸದ್ದಿಗೆ ನಮ್ಮ ಹಸು ಹೆದರ್ತಾಳೆ."

"ಹಚ್ತೀನಿ. ನೀವು ಮಲಗಿ."

ಫೋನಿಟ್ಟು, ತಾನು ಹೂಂ ಅಂದದ್ದು ಯಾಕೆಂದು ಯೋಚಿಸುತ್ತ ಅಡುಗೆಮನೆಯಲ್ಲೇ ನಿಂತಳು. ಇಲ್ಲ ಅನ್ನುವುದಕ್ಕೆ ಬಾಯಿ ತೆರೆದದ್ದು ನೆನಪಿತ್ತು. ನಾಚಿಕೆಯಾಯಿತು. ಯಾರ ಮುಂದೆ ನಾಚಿಕೆ ಅಂತ ಮಾತ್ರ ಹೊಳೆಯಲಿಲ್ಲ.

ಭಾನುವಾರ ಹೋಗಲೇಬಾರದು ಅಂದುಕೊಂಡವಳು ಬೆಳಿಗ್ಗೆ, ಬಿಟ್ಟು ಬಂದ ಸುತ್ತಿಗೆ-ಇಕ್ಕಳ ಆರಿಸಿ ತರುವ ನೆಪ ಹೇಳಿಕೊಂಡು ಬಕೆಟ್ಟಿನ ಸಮೇತ ಹೊರಟಳು. ಒಣಹಳ್ಳದಾಚೆ ಬೂದುಕುದುರೆಯೊಂದು ನಿಧಾನಕ್ಕೆ ಬರುತ್ತಿತ್ತು. ಮೇಲೆ ಕೂತವನು ಕರುವನ್ನು ಮಡಿಲಲ್ಲಿ ಅಡ್ಡ ಮಲಗಿಸಿಕೊಂಡಿದ್ದ. ಹಿಂದೆ, ಹಗ್ಗಕ್ಕೆ ಕೆಂಪು ಹಸು.

"ಓರಿನ್ ಹೇಳಿದ್ದು ನಿಮ್ಮ ಬಗ್ಗೇನಾ ತಾಯಿ? ನಾನು ಚೆಮಾ. ಸೊಂಟ ಹೇಗಿದೆ ಮುದುಕಂದು?"

"ಚೆನ್ನಾಗಿದೆ… ಚೆನ್ನಾಗಿದಾರೆ."

"ಪಾಪದ ಮನುಷ್ಯ. ಗೇಟ್ ಎಲ್ಲಿ?"

ಪಕ್ಕದ ಮನೆಯವನು ಬಾವಿ ಎಲ್ಲಿ ಅಂತ ಕೇಳಿದ ಹಾಗೆ ಕೇಳಿದ. ಹಸು ತಂತಿಯ ಮೇಲೆ ಮೂತಿ ಚಾಚಿ ಈಚೆಯ ಬಯಲು ನೋಡಿ ಅಂಬಾ ಎಂದಿತು. ಇಲ್ಲಪ್ಪ, ಗೇಟು ಇಲ್ಲ, ಇಡಲಿಲ್ಲ ಎಂದು ಹೇಳಬೇಕಿತ್ತು. ವರ್ನಾಳ ಕೈ ತಾನಾಗಿ ಎದ್ದು ಪೂರ್ವಕ್ಕೆ ತೋರಿಸಿತು.

"ಅಲ್ಲಿ… ಇನ್ನೂ ಮುಂದೆ."

"ಓ, ಜಾಗ ಬದಲಾಯಿಸಿದ್ರಾ? ಸರಿ ಸರಿ." ಅವನು ಲಗಾಮು ತಿರುಗಿಸಿದ. ಕಾಲೂರಿ ನಿಂತ ಹಸುವಿನ ಹಗ್ಗ ಎಳೆದ. "ಬಾರೇ, ಮನೆ ಬಂತು ಬಾ."

ಬೇಲಿ ಗುಡ್ಡ ಹತ್ತಿ ಮರೆಯಾಗುವವರೆಗೂ ಒಂದೇ ಸಮ ಹೋಗಿತ್ತು. ಕುದುರೆ ಅದರ ಪಕ್ಕದಲ್ಲೇ ಹೆಜ್ಜೆ ಹಾಕತೊಡಗಿತು.

"ತಾಳಪ್ಪಾ!" ವರ್ನಾ ಕಿರುಚಿದಳು. "ಏಯ್, ನಿಂತ್ಕೋ!"

ಹೋಗಿ ಬಾ ಅಂದಳೆಂದು ತಿಳಿದನೋ ಏನೋ, ಅವನು ತಿರುಗದೆಯೇ ಹ್ಯಾಟು ಎತ್ತಿ ಆಡಿಸಿದ. ವರ್ನಾ ಬಕೆಟ್ಟನ್ನು ಹಿಡಿದುಕೊಂಡೇ ಬೇಲಿಯ ಈಚೆ ಬದಿಯಲ್ಲಿ ಅವನು ಹೋದ ದಿಕ್ಕಿಗೆ ಓಡತೊಡಗಿದಳು.